ಪಿಯುಸಿ ಆಯ್ತು, ಮುಂದೆ ಎಲ್ಲಿ? ಕೊಡಗಿನ ಮನೆಗಳಿಗೊಂದು ಲೆಕ್ಕ

ಜೂನ್ ಬಂತೆಂದರೆ ನನ್ನ ಜೆರಾಕ್ಸ್ ಅಂಗಡಿಯ ಮುಂದೆ ಒದ್ದೆ ಛತ್ರಿಗಳ ಸಾಲು. ಗೋಣಿಕೊಪ್ಪದಲ್ಲಿ ಅಂಗಡಿ. ಹೆಸರಿಗೆ ಜೆರಾಕ್ಸ್, ಮಾಡುವುದೆಲ್ಲ ಅರ್ಜಿ ತುಂಬುವ ಕೆಲಸ. ಸಿಇಟಿಯ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬುವುದು), ಡಿಗ್ರಿ ಸೀಟಿಗೆ ಯುಯುಸಿಎಂಎಸ್, ಸ್ಕಾಲರ್‌ಶಿಪ್ಪಿಗೆ ಎಸ್‌ಎಸ್‌ಪಿ, ಹಾಸ್ಟೆಲ್ಲಿಗೆ ಇನ್ನೊಂದು ಪೋರ್ಟಲ್. ತೋಟದ ಕಡೆ ಸಿಗ್ನಲ್ ಇರುವುದಿಲ್ಲ, ಮಳೆಗೆ ಕರೆಂಟೂ ಇರುವುದಿಲ್ಲ. ಹಾಗಾಗಿ ಎಲ್ಲರೂ ಇಲ್ಲಿಗೇ ಬರಬೇಕು.

ಬಂದವರು ಕೇಳುವುದು ಒಂದೇ: "ಅಕ್ಕಾ, ಇಲ್ಲೇ ಸೇರಿಸೋದಾ, ಮೈಸೂರಿಗೆ ಕಳಿಸೋದಾ?"

ನಾನು ಹಾಳಾದ ಪ್ರಿಂಟಿನ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಮೂರು ಗೆರೆ ಎಳೆಯುತ್ತೇನೆ. ಮೊದಲ ಸಾಲಿಗೆ ಕಾಲೇಜಿನ ಫೀಸು. ಎರಡನೆಯದಕ್ಕೆ ಊಟ, ವಸತಿ, ಬಸ್ಸು. ಮೂರನೆಯದಕ್ಕೆ ಒಂದು ಪ್ರಶ್ನೆ: ಈ ಹುಡುಗ ಅಥವಾ ಹುಡುಗಿ ಅಲ್ಲಿ ಸೇರಿದರೆ ಹೇಳಿದ ಸಮಯಕ್ಕೆ ಪಾಸಾಗಿ ಹೊರಗೆ ಬರುತ್ತಾರಾ? ಮೊದಲ ಸಾಲನ್ನು ಎಲ್ಲರೂ ಬರೆದುಕೊಂಡೇ ಬಂದಿರುತ್ತಾರೆ. ಎರಡನೆಯದನ್ನು ಅರ್ಧ ಮರೆತಿರುತ್ತಾರೆ. ಮೂರನೆಯದನ್ನು ಯಾರೂ ಯೋಚಿಸಿರುವುದಿಲ್ಲ. ಆದರೆ ಜಾಸ್ತಿ ದುಡ್ಡು ಹೋಗುವುದು ಅಲ್ಲೇ. ಅರ್ಧಕ್ಕೆ ಬಿಟ್ಟ ಡಿಗ್ರಿಗಿಂತ ದುಬಾರಿ ಡಿಗ್ರಿ ಇನ್ನೊಂದಿಲ್ಲ.

ಬಿಎ, ಬಿಕಾಂ, ಬಿಎಸ್ಸಿ: ಇಲ್ಲೋ, ಅಲ್ಲೋ?

ಸಾಮಾನ್ಯ ಡಿಗ್ರಿಗಾದರೆ ನನ್ನ ಮಾತು ನೇರ. ಬೇಕಾದ ವಿಷಯ ಕೊಡಗಿನಲ್ಲಿ ಸಿಗುವುದಾದರೆ ಕೊಡಗಿನಲ್ಲೇ ಓದಿಸಿ.

ಮಡಿಕೇರಿಯಲ್ಲಿ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು ಇದೆ. 1949ರದ್ದು, ಅಂದರೆ ಕೊಡಗು ಇನ್ನೂ ಮೈಸೂರು ರಾಜ್ಯಕ್ಕೆ ಸೇರಿರದ ಕಾಲದ್ದು. ವಿರಾಜಪೇಟೆಯಲ್ಲಿ, ಕುಶಾಲನಗರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ನಮ್ಮ ಗೋಣಿಕೊಪ್ಪದಲ್ಲಿ ಕಾವೇರಿ ಕಾಲೇಜು ಇದೆ. ಸರ್ಕಾರಿ ಕಾಲೇಜಿನಲ್ಲಿ ವರ್ಷದ ಫೀಸು ಕೆಲವೇ ಸಾವಿರದ ಮಾತು. ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ರಿಯಾಯಿತಿಯೂ ಇದೆ.

ಈಗ ಮೈಸೂರಿನ ಲೆಕ್ಕ ನೋಡಿ. ಕಾಲೇಜಿನ ಫೀಸು ಪಕ್ಕಕ್ಕಿಡಿ. ಪಿಜಿಯಲ್ಲಿ ಊಟ ಸೇರಿ ತಿಂಗಳಿಗೆ 7,000 ಅಂತ ಹಿಡಿಯೋಣ. ವರ್ಷಕ್ಕೆ ಹತ್ತು ತಿಂಗಳಿಗೆ 70,000. ಮೂರು ವರ್ಷಕ್ಕೆ 2,10,000. ಇದರಲ್ಲಿ ಅಡ್ವಾನ್ಸ್ ಇಲ್ಲ, ಹಬ್ಬಕ್ಕೆ ಬಂದುಹೋಗುವ ಬಸ್ಸಿಲ್ಲ, ಮೊಬೈಲ್ ಒಡೆದುಹೋದದ್ದಿಲ್ಲ. ಅದೇ ಬಿಕಾಂ, ಹೆಚ್ಚುಕಡಿಮೆ ಅದೇ ಪಾಠ. ಈ ಎರಡು ಲಕ್ಷ ಕೈಯಲ್ಲಿದ್ದರೆ ಆಮೇಲೆ ಎಂಕಾಂಗೋ, ಬಿಎಡ್‌ಗೋ, ಸಿಎ ಕೋಚಿಂಗಿಗೋ ಮೈಸೂರಿಗೆ ಕಳಿಸಬಹುದು. ಆಗ ಮಗುವಿಗೆ ವಯಸ್ಸು 21. ಏನು ಓದಬೇಕು ಅಂತ ಗೊತ್ತಿರುತ್ತದೆ.

ಬಸ್ಸಿನ ವಿಷಯ ಸ್ವಲ್ಪ ಹೇಳಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ದಿನಾ ಹೋಗಿಬಂದು ಓದುವುದು ಎಷ್ಟೋ ಮನೆಗಳಿಗೆ ಸಾಧ್ಯವಾಗಿದ್ದೇ ಇದರಿಂದ. ಆದರೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ. ಹಾಗಾಗಿ ಕಾಲೇಜು ಆರಿಸುವ ಮೊದಲು ಒಂದು ದಿನ ಬೆಳಿಗ್ಗೆ ಹೋಗಿ ನಿಮ್ಮ ಸ್ಟಾಪಿನಲ್ಲಿ ನಿಂತು ನೋಡಿ. ಯಾವ ಬಸ್ಸು ಬರುತ್ತದೆ, ಎಷ್ಟಕ್ಕೆ ಬರುತ್ತದೆ, ನಿಲ್ಲಿಸುತ್ತಾನಾ ಇಲ್ಲವಾ. ಸುಮ್ನೆ ಹೇಳುತ್ತಿಲ್ಲ. ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮೊದಲ ಪೀರಿಯಡ್ ದಿನಾ ತಪ್ಪಿಸುವ ಬಸ್ಸು ಸೆಮಿಸ್ಟರನ್ನೇ ತಪ್ಪಿಸಬಹುದು. ಜುಲೈಯಲ್ಲಿ ಮರ ಬಿದ್ದು ರಸ್ತೆ ಮುಚ್ಚಿದ ದಿನಗಳನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇಲ್ಲಿನ ಕಾಲೇಜುಗಳಲ್ಲಿ ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಜಾಸ್ತಿ ಅತಿಥಿ ಉಪನ್ಯಾಸಕರ ಮೇಲೆ. 2023ರ ಕೊನೆಯಲ್ಲಿ ಅವರು ಸೇವೆ ಕಾಯಂ ಮಾಡಿ ಅಂತ ಧರಣಿ ಕೂತಾಗ ಎಷ್ಟೋ ಕಡೆ ವಾರಗಟ್ಟಲೆ ಕ್ಲಾಸೇ ಇರಲಿಲ್ಲ. ತಪ್ಪು ಅವರದ್ದಲ್ಲ, ಆದರೆ ಪಾಠ ಹೋದದ್ದು ಮಕ್ಕಳದ್ದು. ಆದ್ದರಿಂದ ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ, ಎರಡನೇ ವರ್ಷದ ಇಬ್ಬರು ಮಕ್ಕಳನ್ನು ಹಿಡಿದು ಕೇಳಿ: ನಿನ್ನ ವಿಷಯಕ್ಕೆ ಕಾಯಂ ಮೇಷ್ಟ್ರು ಎಷ್ಟು ಜನ? ಕಳೆದ ಸೆಮಿಸ್ಟರಿನಲ್ಲಿ ಕ್ಲಾಸು ಯಾವಾಗ ಶುರುವಾಯಿತು? ಪ್ರಾಸ್ಪೆಕ್ಟಸ್ ಇದನ್ನು ಹೇಳುವುದಿಲ್ಲ.

ಮೂರು ವರ್ಷವೋ, ನಾಲ್ಕೋ

ಈ ಗೊಂದಲ ಇನ್ನೂ ಹೋಗಿಲ್ಲ. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ತಂದು ನಾಲ್ಕು ವರ್ಷದ ಆನರ್ಸ್ ಶುರು ಮಾಡಿತು. ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಆಧರಿಸಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂತು. ನಡುವಿನ ಮೂರು ಬ್ಯಾಚಿನವರಿಗೆ ನಾಲ್ಕನೇ ವರ್ಷ ಓದುವ ಅವಕಾಶ ಉಳಿಸಿದರು. ಹಾಗಾಗಿ ಒಂದೇ ಮನೆಯಲ್ಲಿ ಅಕ್ಕನದು ಒಂದು ಸಿಲಬಸ್, ತಮ್ಮನದು ಇನ್ನೊಂದು. ಅಕ್ಕನ ಪುಸ್ತಕ ತಮ್ಮನಿಗೆ ಬರುವುದಿಲ್ಲ, ಆ ಉಳಿತಾಯವೂ ಹೋಯಿತು.

ಈಗ ಬೆಂಗಳೂರಿನ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಇದೆ. ಅದನ್ನೇ ದೊಡ್ಡದು ಅಂತ ಹೇಳಿ ಸೇರಿಸಿಕೊಳ್ಳುತ್ತಾರೆ. ಯಾರಿಗೆ ಅದು ಬೇಕು? ವಿದೇಶಕ್ಕೆ ಹೋಗಿ ಮಾಸ್ಟರ್ಸ್ ಮಾಡುವ ಯೋಚನೆ ಇದ್ದವರಿಗೆ, ಸಂಶೋಧನೆಗೆ ಹೋಗುವವರಿಗೆ. ಕೆಎಎಸ್, ಬ್ಯಾಂಕ್, ಬಿಎಡ್, ಎಂಬಿಎ ಅಂತ ಯೋಚಿಸುವವರಿಗೆ ಮೂರು ವರ್ಷ ಸಾಕು. ಸಾಕಾಗುವಾಗ ನಾಲ್ಕನೇ ವರ್ಷದ ಫೀಸು ಕಟ್ಟುವುದು ಯಾಕೆ, ಅಲ್ವಾ?

ಇನ್ನೊಂದು ಭಯ ಕೊಡಗು ವಿಶ್ವವಿದ್ಯಾಲಯದ್ದು. ಚಿಕ್ಕ ಅಳುವಾರದಲ್ಲಿ 2023ರಲ್ಲಿ ಶುರುವಾಯಿತು. ಎರಡೇ ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, ಹೊಸ ವಿವಿಗಳಲ್ಲಿ ಒಂಬತ್ತನ್ನು ಮುಚ್ಚುವ ಶಿಫಾರಸು ಸುದ್ದಿಯಾಯಿತು. ಅದರಲ್ಲಿ ನಮ್ಮದೂ ಇತ್ತು. ಅವತ್ತಿನಿಂದ ಅಂಗಡಿಗೆ ಬರುವ ತಂದೆಯರೆಲ್ಲ ಕೇಳುವುದು "ಸರ್ಟಿಫಿಕೇಟ್ ನಡೆಯುತ್ತಾ?" ಅಂತ. ನಡೆಯುತ್ತದೆ. ವಿವಿ ಮುಚ್ಚುವುದು ಬೇರೆ, ಕಾಲೇಜು ಮುಚ್ಚುವುದು ಬೇರೆ. ಕೊಡಗಿನ ಕಾಲೇಜುಗಳು ಮೊದಲು ಮೈಸೂರು ವಿವಿಯಲ್ಲಿದ್ದವು, 1980ರ ನಂತರ ಮಂಗಳೂರು ವಿವಿಗೆ ಹೋದವು, ಈಗ ಕೊಡಗು ವಿವಿಗೆ ಬಂದಿವೆ. ಹಳೇ ಸರ್ಟಿಫಿಕೇಟ್ ಹಿಡಿದು ಯಾರೂ ಕೆಲಸ ಕಳೆದುಕೊಂಡಿಲ್ಲ. ಪರೀಕ್ಷೆ ವೇಳಾಪಟ್ಟಿ, ಅಂಕಪಟ್ಟಿ ತಡವಾದರೆ ಎಂಎ, ಎಂಕಾಂನಂಥ ಮುಂದಿನ ಓದಿನ ಅರ್ಜಿಗೆ ತೊಂದರೆ ಆಗಬಹುದು, ಅದಕ್ಕೆ ಮಾತ್ರ ಎಚ್ಚರ ಇರಲಿ.

ಎಂಜಿನಿಯರಿಂಗ್ ಬೇಕು ಅಂದವರಿಗೆ

ಇಲ್ಲಿ ನನ್ನ ಮಾತು ಅಷ್ಟು ನೇರವಲ್ಲ.

ಜಿಲ್ಲೆಯೊಳಗೆ ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯಲ್ಲಿ ಖಾಸಗಿಯವರ ಸಿಐಟಿ. ಎರಡೂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಅಡಿಯಲ್ಲಿ ಬರುತ್ತವೆ. ಅಂದರೆ ಪ್ರಶ್ನೆಪತ್ರಿಕೆಯೂ ಸರ್ಟಿಫಿಕೇಟಿನ ಹೆಸರೂ ಒಂದೇ. ಸರ್ಕಾರಿ ಕಾಲೇಜಿನ ಫೀಸು ಖಾಸಗಿ ಕಾಲೇಜಿನ ಸಿಇಟಿ ಸೀಟಿನ ಅರ್ಧದ ಆಸುಪಾಸು. ಮ್ಯಾನೇಜ್‌ಮೆಂಟ್ ಸೀಟಿನ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕ್ಯಾಂಪಸ್ಸಿಗೆ ಬರುವ ಕಂಪನಿಗಳ ಸಂಖ್ಯೆಯಲ್ಲಿ ಬೆಂಗಳೂರು, ಮೈಸೂರಿನ ಒಳ್ಳೇ ಕಾಲೇಜುಗಳೇ ಮುಂದೆ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹಾಗಂತ ಬೆಂಗಳೂರಿನ ಎಲ್ಲಾ ಕಾಲೇಜೂ ಒಳ್ಳೇದಲ್ಲ. ರ‍್ಯಾಂಕು ಚೆನ್ನಾಗಿದ್ದು ಹೆಸರುಳ್ಳ ಕಾಲೇಜಿನಲ್ಲಿ ಸಿಇಟಿ ಸೀಟೇ ಸಿಕ್ಕರೆ ಹೋಗಲಿ. ರ‍್ಯಾಂಕು ಒಂದು ಲಕ್ಷ ದಾಟಿ, ಬೆಂಗಳೂರಿನ ಹೊರವಲಯದಲ್ಲಿ ಹೆಸರೇ ಕೇಳದ ಕಾಲೇಜು ಸಿಗುತ್ತಿದ್ದರೆ ಕುಶಾಲನಗರವೇ ವಾಸಿ ಅಂತ ನನ್ನ ಅನಿಸಿಕೆ.

ಆಪ್ಷನ್ ಎಂಟ್ರಿಗೆ ಕೂರುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇಕಡಾ 15. ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಇನ್ನೊಂದು ಶೇಕಡಾ 5. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ, ಅದರಲ್ಲಿ ಬೋಧನಾ ಶುಲ್ಕ ಮನ್ನಾ. ಈ ಮೂರನ್ನೂ ಅರ್ಜಿಯಲ್ಲೇ ಕೇಳಬೇಕು. ಆಮೇಲೆ ಅತ್ತರೆ ಬರುವುದಿಲ್ಲ. ಪ್ರತಿ ವರ್ಷ ಒಬ್ಬರಾದರೂ ಹಾಗೆ ಅಳುತ್ತಾ ಬರುತ್ತಾರೆ.

ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳದ ದಾರಿ ಒಂದಿದೆ: ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಪಾಲಿಟೆಕ್ನಿಕ್‌ಗೆ ಸೇರಿದರೆ ಮೂರು ವರ್ಷ. ಆಮೇಲೆ ಡಿಪ್ಲೊಮಾದವರಿಗೆ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು, ಇನ್ನು ಮೂರು ವರ್ಷ. ಒಟ್ಟು ಆರು. ಪಿಯುಸಿ ಎರಡು, ಎಂಜಿನಿಯರಿಂಗ್ ನಾಲ್ಕು, ಅದೂ ಆರೇ. ವ್ಯತ್ಯಾಸ ಏನೆಂದರೆ ಡಿಪ್ಲೊಮಾದವನ ಕೈಯಲ್ಲಿ ಮೂರನೇ ವರ್ಷಕ್ಕೇ ಕೆಲಸ ಕೊಡುವ ಒಂದು ಸರ್ಟಿಫಿಕೇಟ್ ಇರುತ್ತದೆ. ಮನೆಯಲ್ಲಿ ಕಷ್ಟ ಬಂದರೆ ಅಲ್ಲಿಗೇ ನಿಲ್ಲಿಸಿ ಕೆಲಸಕ್ಕೆ ಹೋಗಬಹುದು. ಪಿಯುಸಿ ಸೈನ್ಸ್ ಮುಗಿಸಿ ನಿಲ್ಲಿಸಿದವನ ಕೈಯಲ್ಲಿ ಏನಿರುತ್ತದೆ? ಕುಶಾಲನಗರದಲ್ಲೇ ಸರ್ಕಾರಿ ಪಾಲಿಟೆಕ್ನಿಕ್ ಇದೆ. ನನ್ನ ತಮ್ಮನ ಮಗ ಈ ದಾರಿ ಹಿಡಿದ. ಅವತ್ತು ನೆಂಟರೆಲ್ಲ "ಪಾಪ, ಮಾರ್ಕ್ಸ್ ಕಡಿಮೆ ಬಂತಾ?" ಅಂತ ಕೇಳಿದರು. ಈಗ ಕೇಳುವುದಿಲ್ಲ.

ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಬಗ್ಗೆ ಒಂದು ಮಾತು. ರಾಜ್ಯದಲ್ಲಿ ಇಂಥ ಕಾಲೇಜು ಇರುವುದು ಎರಡೇ ಕಡೆ, ಶಿರಸಿಯಲ್ಲಿ ಮತ್ತು ನಮ್ಮಲ್ಲಿ. ನಾಲ್ಕು ವರ್ಷದ ಬಿಎಸ್ಸಿ ಅರಣ್ಯಶಾಸ್ತ್ರ, ಸಿಇಟಿ ಮೂಲಕ ಸೀಟು. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಗೋಣಿಕೊಪ್ಪದಿಂದ ಐದಾರು ಕಿಲೋಮೀಟರ್ ದೂರ. ಅಷ್ಟು ಹತ್ತಿರ ಇದ್ದರೂ ನಮ್ಮ ಮಕ್ಕಳ ಆಪ್ಷನ್ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ. ಕಾಡಿನ ನಡುವೆ ಹುಟ್ಟಿ ಬೆಳೆದವರು ಕಂಪ್ಯೂಟರ್ ಸೈನ್ಸೇ ಬೇಕು ಅಂತ ಕೂತಿರುತ್ತಾರೆ.

ಸ್ಕಾಲರ್‌ಶಿಪ್: ಹೆಸರಿಗೆ ಇರುವುದು, ಕೈಗೆ ಬರುವುದು

ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದರೆ ನಿಮ್ಮ ಜಾತಿ, ಆದಾಯದ ಆರ್‌ಡಿ ನಂಬರ್ (ಪ್ರಮಾಣಪತ್ರದ ನಂಬರ್) ನೋಡಿ ಅದೇ ಯಾವ ಯೋಜನೆ ಅಂತ ತೀರ್ಮಾನಿಸುತ್ತದೆ. ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ: ಊಟ, ವಸತಿಗೆ ತಿಂಗಳಿಗಿಷ್ಟು ಅಂತ ಹತ್ತು ತಿಂಗಳ ಹಣ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ: ಬಿಎ, ಬಿಕಾಂ, ಬಿಎಸ್ಸಿಗೆ ಹುಡುಗರಿಗೆ 5,000, ಹುಡುಗಿಯರಿಗೆ 5,500, ಎಂಜಿನಿಯರಿಂಗ್‌ಗೆ 10,000 ಮತ್ತು 11,000.

ರೈತ ವಿದ್ಯಾನಿಧಿಯಲ್ಲಿ ಕೊಡಗಿಗೇ ಸೇರಿದ ಒಂದು ತೊಡಕಿದೆ. ಅದಕ್ಕೆ ತಂದೆ ಅಥವಾ ತಾಯಿಯ ಹೆಸರಲ್ಲಿ ಫ್ರೂಟ್ಸ್ ಐಡಿ (ರೈತರ ಸರ್ಕಾರಿ ನೋಂದಣಿ ನಂಬರ್) ಬೇಕು. ಐಡಿ ಬೇಕೆಂದರೆ ಪಹಣಿಯಲ್ಲಿ ಹೆಸರು ಇರಬೇಕು. ನಮ್ಮ ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯವಾಗಿ ಬಂದ ಕುಟುಂಬದ ಜಾಗದ, ಪಹಣಿ ತೆಗೆದು ನೋಡಿ. ಕುಟುಂಬದ ಪಟ್ಟೇದಾರನ (ಹಿರಿಯನ) ಹೆಸರು ಇರುತ್ತದೆ, ಎಷ್ಟೋ ಸಲ ತೀರಿಹೋದ ಅಜ್ಜನದು. ಕಾಫಿ ಗಿಡ ನೋಡಿಕೊಳ್ಳುವವನು ಮಗ, ಗೊಬ್ಬರ ಹಾಕುವವನು ಮಗ, ದಾಖಲೆಯಲ್ಲಿ ಮಾತ್ರ ಅವನು ಇಲ್ಲ. ಎಕರೆಗಟ್ಟಲೆ ತೋಟ ಇದ್ದೂ ಕಂಪ್ಯೂಟರ್ ಪ್ರಕಾರ ಅವನು ರೈತನೇ ಅಲ್ಲ. ಕೃಷಿಕರ ಕೋಟಾಕ್ಕೂ ಇದೇ ಕಾಗದ ಬೇಕಾಗುತ್ತದೆ. ಹಾಗಾಗಿ ಮಗು ಹತ್ತನೇ ಕ್ಲಾಸಿಗೆ ಬಂದಾಗಲೇ ತಾಲ್ಲೂಕು ಕಚೇರಿಯ ಕೆಲಸ ಶುರು ಮಾಡಿ. ಪಿಯುಸಿ ರಿಸಲ್ಟ್ ಬಂದ ಮೇಲೆ ಓಡಿದರೆ ಆಗುವ ಕೆಲಸ ಅಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ದಿನಾ ನೋಡುವುದು. ದುಡ್ಡು ಬರುವುದು ಆಧಾರ್ ಜೋಡಿಸಿದ ಖಾತೆಗೆ. ಮಗುವಿನ ಖಾತೆ ಇದೆ, ಆಧಾರ್ ಕೊಟ್ಟಿದ್ದೇವೆ ಅಂತಾರೆ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಡುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಯಾವ ಖಾತೆಗೆ ಬರಬೇಕು ಅಂತ ಆಧಾರ್‌ಗೆ ಜೋಡಿಸುವುದು, ಬೇರೆ. ಎರಡನೆಯದು ಆಗದಿದ್ದರೆ ಹಣ ಮಂಜೂರಾಗಿಯೂ ಎಲ್ಲಿಗೂ ತಲುಪುವುದಿಲ್ಲ.

ಸ್ಕಾಲರ್‌ಶಿಪ್ ಹಣವನ್ನು ಮೊದಲ ಕಂತಿನ ಫೀಸಿಗೆ ನೆಚ್ಚಿಕೊಳ್ಳಬೇಡಿ. ಅದು ಬರುವಾಗ ವರ್ಷವೇ ಮುಗಿದಿರಬಹುದು. ತೋಟದ ಮನೆಗಳಲ್ಲಿ ಈ ಸಮಯದ ಪ್ರಶ್ನೆ ಇನ್ನೂ ಗಟ್ಟಿ. ಕಾಫಿಯ ಹಣ ಕೈಗೆ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಕಾಲೇಜು ಫೀಸು ಕೇಳುವುದು ಜೂನ್‌ನಲ್ಲಿ. ನಡುವೆ ಮದುವೆಗಳು, ಸಾಲದ ಕಂತು, ಮಳೆಗೆ ಮುಂಚಿನ ಗೊಬ್ಬರ. 2024-25ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಆ ವರ್ಷ ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟಿನ ಅರ್ಜಿಗಳು ನನ್ನ ಅಂಗಡಿಯಲ್ಲೂ ಜಾಸ್ತಿಯಾದವು. ಒಂದು ವರ್ಷದ ಕಾಫಿ ರೇಟು ನೋಡಿ ನಾಲ್ಕು ವರ್ಷದ ಫೀಸು ಒಪ್ಪಿಕೊಳ್ಳುವ ಧೈರ್ಯ ನನಗಂತೂ ಇಲ್ಲ.

ಸಾಲ ಬೇಕೇ ಬೇಕೆಂದರೆ ಬ್ಯಾಂಕಿನ ಶಿಕ್ಷಣ ಸಾಲ ತೆಗೆದುಕೊಳ್ಳಿ, ಕೈಸಾಲ ಬೇಡ. 4 ಲಕ್ಷದವರೆಗೆ ಆಸ್ತಿ ಅಡವು ಕೇಳುವಂತಿಲ್ಲ. ಮನೆಯ ಆದಾಯ 4.5 ಲಕ್ಷದ ಒಳಗಿದ್ದು ವೃತ್ತಿಪರ ಕೋರ್ಸಾದರೆ ಓದುವ ಕಾಲದ ಬಡ್ಡಿಗೆ ಕೇಂದ್ರದ ಸಹಾಯಧನ ಇದೆ. ಅರ್ಜಿ ಹಾಕುವಾಗಲೇ ಮ್ಯಾನೇಜರ ಹತ್ತಿರ ಅದನ್ನು ಬಾಯಿಬಿಟ್ಟು ಕೇಳಿ.

ನನಗೇ ಆದದ್ದು

ಊರಿಗೆಲ್ಲ ಬುದ್ಧಿ ಹೇಳುವ ನಾನು ನನ್ನ ಮಗನ ವಿಷಯದಲ್ಲಿ ಎಡವಿದೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಸಿಎಗೆ ಸೇರಿಸಿದೆ. ಫೋನ್ ಮಾಡಿ "ಮೇಡಂ, ಇವತ್ತೇ ಕೊನೇ ಸೀಟು" ಅಂದರು. ಓಡಿಹೋಗಿ ದುಡ್ಡು ಕಟ್ಟಿ ಒರಿಜಿನಲ್ ಅಂಕಪಟ್ಟಿಗಳನ್ನೆಲ್ಲ ಕೊಟ್ಟು ಬಂದೆ. ಎರಡು ವಾರಕ್ಕೆ ಅವನಿಗೆ ಅಲ್ಲಿ ಆಗಲಿಲ್ಲ. ಊಟ ಸೇರಲಿಲ್ಲ, ರೂಮಿನಲ್ಲಿ ಆರು ಜನ. ವಾಪಸ್ ಬರುತ್ತೇನೆ ಅಂದ. ಕಾಲೇಜಿನವರು ಮೂರು ವರ್ಷದ ಫೀಸು ಕಟ್ಟಿ ಅಂಕಪಟ್ಟಿ ತೆಗೆದುಕೊಂಡು ಹೋಗಿ ಅಂದರು. ನಾಲ್ಕು ಸಲ ಬೆಂಗಳೂರಿಗೆ ಓಡಾಡಿದೆ.

ಆಮೇಲೆ ಗೊತ್ತಾಯಿತು, ವಿವಿಗಳ ಮೇಲಿನ ಕೇಂದ್ರ ಸಂಸ್ಥೆ ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಒರಿಜಿನಲ್ ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೇ ದಿನಕ್ಕಿಂತ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಫೀಸು ವಾಪಸ್, ಆ 15 ದಿನದೊಳಗೆ ಬಿಟ್ಟರೆ ಶೇಕಡಾ 90, ಕೊನೇ ದಿನ ಕಳೆದು 15 ದಿನದವರೆಗೆ ಶೇಕಡಾ 80, ತಿಂಗಳವರೆಗೆ ಶೇಕಡಾ 50. ಅದರಾಚೆ ಏನೂ ಇಲ್ಲ. ಆ ಅಧಿಸೂಚನೆಯ ಪ್ರಿಂಟ್ ತೆಗೆದುಕೊಂಡು ಐದನೇ ಸಲ ಹೋದೆ. ಅಂಕಪಟ್ಟಿ ಕೊಟ್ಟರು. ದುಡ್ಡಿನಲ್ಲಿ ಅರ್ಧ ಬಂತು. ಈಗ ಆ ಪ್ರಿಂಟಿನ ಒಂದು ಕಟ್ಟು ಅಂಗಡಿಯಲ್ಲೇ ಇಟ್ಟಿದ್ದೇನೆ. ಹೊರಗೆ ಸೇರುವ ಮಕ್ಕಳಿಗೆ ಪುಕ್ಕಟೆ.

ನರ್ಸಿಂಗ್ ಸೀಟು ಅಂತ ಫೋನ್ ಮಾಡುವ ಏಜೆಂಟರಿಗೂ ಇದೇ ಎಚ್ಚರ. ರಾಜೀವ್ ಗಾಂಧಿ ಆರೋಗ್ಯ ವಿವಿಯ ಪಟ್ಟಿಯಲ್ಲಿ ಕಾಲೇಜಿನ ಹೆಸರು ನೋಡದೆ ಒಂದು ರೂಪಾಯಿ ಕೊಡಬೇಡಿ.

ಕೆಲಸ ಮಾಡುತ್ತಾ ಓದುವವರು

ಲೈನ್ ಮನೆಯ, ಅಂದರೆ ಎಸ್ಟೇಟ್ ಕಾರ್ಮಿಕರ ಸಾಲುಮನೆಯ, ಮಕ್ಕಳಲ್ಲಿ ಪಿಯುಸಿ ಆದ ಮೇಲೆ ಹೋಂಸ್ಟೇಯಲ್ಲೋ, ಅಂಗಡಿಯಲ್ಲೋ ಕೆಲಸಕ್ಕೆ ಸೇರುವವರು ಬಹಳ. ಅವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಸರ್ಕಾರಿ ಕೆಲಸಕ್ಕೆ ಆ ಡಿಗ್ರಿ ನಡೆಯುತ್ತದೆ. ಆದರೆ ದಿನಾ ಪಾಠ ಮಾಡುವವರಿಲ್ಲ, ಪುಸ್ತಕ ತೆರೆಯುವಂತೆ ಹೇಳುವವರಿಲ್ಲ. ತಾನೇ ಕೂತು ಓದುವ ಅಭ್ಯಾಸ ಇದ್ದವರು ಮುಗಿಸುತ್ತಾರೆ. ಇಲ್ಲದವರು ಮೊದಲ ವರ್ಷದ ಫೀಸು ಕಟ್ಟಿ ಸುಮ್ಮನಾಗುತ್ತಾರೆ. ಹತ್ತಿರದಲ್ಲಿ ಸರ್ಕಾರಿ ಕಾಲೇಜು, ಹಾಸ್ಟೆಲ್ ಸಿಗುವುದಾದರೆ ಮೊದಲು ಅದನ್ನೇ ನೋಡಿ.

ಎರಡು ವರ್ಷದ ಹಿಂದೆ ಸಿದ್ದಾಪುರ ಕಡೆಯ ಒಂದು ಎಸ್ಟೇಟಿನಿಂದ ಒಬ್ಬಳು ಹುಡುಗಿ ತಾಯಿಯ ಜೊತೆ ಬಂದಿದ್ದಳು. ಕಾಮರ್ಸ್, ಶೇಕಡಾ 84. ಮಂಗಳೂರಿನ ಕಾಲೇಜಿನ ಬಣ್ಣದ ಪಾಂಪ್ಲೆಟ್ ಕೈಯಲ್ಲಿತ್ತು. ಮೂರು ಗೆರೆ ಎಳೆದು ಲೆಕ್ಕ ಬರೆದೆವು. ತಾಯಿ ಓದಲು ಬರದಿದ್ದರೂ ಸೊನ್ನೆಗಳನ್ನು ಎಣಿಸಿದರು. ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ವಿರಾಜಪೇಟೆಗೆ ಸರ್ಕಾರಿ ಬಸ್ಸು ಎಷ್ಟು ಗಂಟೆಗೆ ಅಕ್ಕಾ?" ಅಂದಳು.

ಈಗ ಮೂರನೇ ವರ್ಷ. ಸ್ಕಾಲರ್‌ಶಿಪ್ ಅರ್ಜಿ ಪ್ರತಿ ವರ್ಷ ಹೊಸದಾಗಿ ಹಾಕಬೇಕಲ್ಲ, ಮೊನ್ನೆ ಅದಕ್ಕೇ ಬಂದಿದ್ದಳು. ಒಟಿಪಿ ಬರಲಿಲ್ಲ. ಫೋನ್ ಹಿಡಿದು ರಸ್ತೆಯ ಆ ಕಡೆ, ಔಷಧಿ ಅಂಗಡಿಯ ಮೆಟ್ಟಿಲಿನ ಮೇಲೆ ಹೋಗಿ ನಿಂತಳು. ಅಲ್ಲಿಂದಲೇ ನಂಬರ್ ಕೂಗಿದಳು, ನಾನು ಇಲ್ಲಿ ಟೈಪ್ ಮಾಡಿದೆ.